ಒಂದೇ ನಟ್ಟಿನ ಚಕ್ರ



ಹೋದ ಸಲದ ಗೋಡೆ ಪತ್ರಿಕೆಯಲ್ಲಿ ರೇಷ್ಮೆ ಹುಳುವಿನ ಲೇಖನ ಬಂದಿತ್ತು. ಈ ಸಲ ನಿನ್ನ ಸರದಿ, ನಿನಗೆ ಗೊತ್ತಿರೋದನ್ನೇ ಬರಿ ಅಂತ ವಿಜ್ಞಾನದ ಮೇಷ್ಟ್ರು ಹೇಳಿದರು. ನನಗೆ ಗೊತ್ತಿರೋದು ಚಕ್ರ. ನಮ್ಮಪ್ಪನದು ಹೆದ್ದಾರಿ ಪಕ್ಕ ಪಂಚರ್ ಅಂಗಡಿ. ಆದರೆ ಪಂಚರ್ ಹಾಕೋದನ್ನು ನೀವೆಲ್ಲ ನಿಂತು ನೋಡಿದ್ದೀರಿ, ಅದನ್ನೇ ಬರೆದರೆ ಯಾರು ಓದ್ತಾರೆ? ಅದಕ್ಕೇ ನಮ್ಮ ಅಂಗಡಿಗೆ ಯಾವತ್ತೂ ಬರದ ಒಂದು ಚಕ್ರದ ವಿಷಯ ಬರೀತೀನಿ. ಅದು ರೇಸ್ ಕಾರಿನ ಚಕ್ರ. ಅದಕ್ಕೆ ಇರೋದು ಒಂದೇ ಒಂದು ನಟ್ಟು.

ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರು ನಕ್ಕರು. ಕಾರಿನ ಚಕ್ರಕ್ಕೆ ನಾಲ್ಕೋ ಐದೋ ನಟ್ಟು, ಲಾರಿಗೆ ಎಂಟು ಹತ್ತು. ಮುನ್ನೂರು ಕಿಲೋಮೀಟರ್ ವೇಗದಲ್ಲಿ ಹೋಗೋ ಕಾರಿಗೆ ಒಂದೇನಾ, ಬಿಚ್ಚಿಕೊಂಡ್ರೆ ಚಕ್ರ ಒಂದು ಕಡೆ, ಕಾರು ಒಂದು ಕಡೆ ಅಂದರು. ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಹಾಗೆ ಆಗಿದ್ದೂ ಉಂಟು, ಮುಂದೆ ಹೇಳ್ತೀನಿ. ಆದರೆ ಒಂದು ನಟ್ಟು ಇರೋದು ನಿಜ. ಫಾರ್ಮುಲಾ ಒನ್ ಅನ್ನೋ ದೊಡ್ಡ ರೇಸಿನ ಕಾರುಗಳೆಲ್ಲ ಹೀಗೇ. ಅಮೆರಿಕದ ನಾಸ್ಕಾರ್ ರೇಸಿನಲ್ಲಿ 2021ರವರೆಗೂ ಚಕ್ರಕ್ಕೆ ಐದು ನಟ್ಟು ಇತ್ತು. 2022ರಿಂದ ಅವರ ಮುಖ್ಯ ರೇಸಿನ ಕಾರುಗಳಿಗೂ ಒಂದೇ ನಟ್ಟು ಬಂತು. ಇದಕ್ಕೆ ಸೆಂಟರ್ ಲಾಕ್ ಅಂತ ಹೆಸರು, ಅಂದರೆ ನಟ್ಟನಡುವೆ ಬೀಗ ಹಾಕಿದ ಚಕ್ರ.

ಒಂದು ವಿಷಯ ಯೋಚನೆ ಮಾಡಿ. ನಮ್ಮ ಎತ್ತಿನ ಗಾಡಿಯ ಚಕ್ರ ಎಷ್ಟು ನಟ್ಟಿನದು? ಒಂದೂ ಇಲ್ಲ! ಅಚ್ಚಿನ ತುದಿಗೆ ಒಂದು ಕಡಾಣಿ ಹೊಡೆದಿರ್ತಾರೆ, ಅಷ್ಟೇ. ಹತ್ತಾರು ಮೂಟೆ ಹೇರಿದರೂ ಆ ಒಂದು ಕಡಾಣಿಯೇ ಚಕ್ರ ಹೊರಗೆ ಜಾರದ ಹಾಗೆ ಹಿಡಿದಿರುತ್ತೆ. ನಮ್ಮ ತಾತನಿಗೆ ರೇಸ್ ಕಾರಿನ ವಿಷಯ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅದರಲ್ಲೇನೈತೆ, ಕಡಾಣಿ ಒಂದೇ ಅಲ್ವಾ" ಅಂದರು.

ಆದರೂ ಎರಡಕ್ಕೂ ವ್ಯತ್ಯಾಸ ಇದೆ. ಗಾಡಿಯ ಚಕ್ರ ಅಚ್ಚಿನ ಮೇಲೆ ತನ್ನಷ್ಟಕ್ಕೆ ತಾನು ಉರುಳುತ್ತೆ, ಯಾಕೆಂದರೆ ಎಳೆಯೋದು ಎತ್ತು. ಕಾರಿನಲ್ಲಿ ಎಂಜಿನ್ನು ಚಕ್ರವನ್ನೇ ತಿರುಗಿಸಬೇಕು, ಬ್ರೇಕು ಚಕ್ರವನ್ನೇ ನಿಲ್ಲಿಸಬೇಕು. ಹಾಗಾಗಿ ಚಕ್ರ ಮತ್ತು ಅದರ ಒಳಗಿನ ಹಬ್ಬು ಎರಡೂ ಒಂದೇ ಮೈಯಾಗಿ ತಿರುಗಬೇಕು. ಈ ಕೆಲಸವನ್ನು ನಟ್ಟು ಮಾಡಲ್ಲ. ಹಬ್ಬಿನ ಮುಖದ ಮೇಲೆ ದಪ್ಪ ದಪ್ಪ ಗೂಟಗಳು ಇರುತ್ತವೆ. ಚಕ್ರದಲ್ಲಿ ಅದಕ್ಕೆ ಸರಿಯಾಗಿ ತೂತು. ಚಕ್ರವನ್ನು ಒತ್ತಿದಾಗ ಗೂಟಗಳು ತೂತಿನೊಳಗೆ ಕೂರುತ್ತವೆ. ತಿರುಗಿಸೋದು ಗೂಟದ ಕೆಲಸ. ಹೊರಗೆ ಬರದ ಹಾಗೆ ಒತ್ತಿ ಹಿಡಿಯೋದು ಮಾತ್ರ ನಟ್ಟಿನ ಕೆಲಸ. ಪಕ್ಕದ ಚಿತ್ರ ನಾನೇ ಬಿಡಿಸಿದ್ದು. ಕೆಂಪು ಬಣ್ಣದ್ದು ಗೂಟ, ನೀಲಿಯದು ನಟ್ಟು. ಚಕ್ರ ಸ್ವಲ್ಪ ಸೊಟ್ಟ ಬಂದಿದೆ, ಕ್ಷಮಿಸಿ.

ನಟ್ಟು ಮತ್ತು ಚಕ್ರ ಸೇರುವ ಜಾಗ ಚಪ್ಪಟೆಯಾಗಿ ಇರಲ್ಲ, ಆಲಿಕೆಯ ಹಾಗೆ ಇಳಿಜಾರಾಗಿ ಇರುತ್ತೆ. ಬಿಗಿ ಮಾಡುತ್ತಾ ಹೋದಂತೆ ಚಕ್ರ ತಾನೇ ನಡುವಿಗೆ ಬಂದು ಕೂರುತ್ತೆ. ಐದು ನಟ್ಟಿನ ಚಕ್ರಕ್ಕೆ ಅಪ್ಪ ಒಂದು ಬಿಗಿ ಮಾಡಿ ಎದುರಿನದು, ಆಮೇಲೆ ಅದರ ಎದುರಿನದು ಅಂತ ನಕ್ಷತ್ರದ ಗುರುತಿನ ಹಾಗೆ ಹೋಗ್ತಾರೆ. ಸಾಲಾಗಿ ಬಿಗಿ ಮಾಡಿದರೆ ಚಕ್ರ ಒಂದು ಕಡೆ ವಾಲಿಕೊಂಡು ಕೂರುತ್ತೆ. ನಡುವೆ ಒಂದೇ ನಟ್ಟು ಇದ್ದರೆ ಈ ತೊಂದರೆ ಇಲ್ಲ. ಆದರೆ ಐದು ಜನ ಹೊರುವ ಹೊರೆಯನ್ನು ಒಬ್ಬನೇ ಹೊರಬೇಕಲ್ಲ? ಅದಕ್ಕೆ ಅದನ್ನು ಭಯಂಕರ ಬಿಗಿ ಮಾಡ್ತಾರೆ.

ಎಷ್ಟು ಭಯಂಕರ ಅಂತ ಮೇಷ್ಟ್ರನ್ನು ಕೇಳಿ ಲೆಕ್ಕ ಹಾಕಿಸಿಕೊಂಡೆ. ಬಿಗಿಯನ್ನು ನ್ಯೂಟನ್ ಮೀಟರ್‌ನಲ್ಲಿ ಅಳೀತಾರೆ. ಸಾಮಾನ್ಯ ಕಾರಿನ ಒಂದು ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಉದ್ದದ ರಾಡಿನ ತುದಿಗೆ 10 ಕೆ.ಜಿ. ಅಕ್ಕಿ ಚೀಲ ನೇತು ಹಾಕಿದಷ್ಟು. ಪೋರ್ಶೆ 911 ಜಿಟಿ3 ಅಂತ ಜರ್ಮನಿಯ ಕಾರು ಇದೆ. ಅದರ 991 ಅನ್ನೋ ಮಾದರಿಯ ಒಂಟಿ ನಟ್ಟಿಗೆ 600 ನ್ಯೂಟನ್ ಮೀಟರ್ ಬೇಕು. ಅದೇ ಒಂದು ಮೀಟರ್ ರಾಡಿನ ತುದಿಗೆ ಸುಮಾರು 61 ಕೆ.ಜಿ. ತೂಕ. ನಮ್ಮ ಪಿ.ಟಿ. ಮೇಷ್ಟ್ರು ರಾಡಿಗೆ ಜೋತು ಬಿದ್ದರೆ ಸರಿಹೋಗಬಹುದು! ರಾಡು ಎರಡು ಮೀಟರ್ ಇದ್ದರೆ ಅರ್ಧ ತೂಕ ಸಾಕು. ಅಪ್ಪ ಬಿಗಿಯಾದ ನಟ್ಟಿಗೆ ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ಸಿಗಿಸಿಕೊಳ್ಳೋದು ಯಾಕೆ ಅಂತ ನನಗೆ ಆವತ್ತು ತಿಳೀತು.

ಆ ಕಾರಿನ ಚಕ್ರ ಬಿಚ್ಚೋಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡೀಬೇಕು, ಇಲ್ಲದಿದ್ದರೆ ನಟ್ಟಿನ ಜೊತೆ ಚಕ್ರವೂ ತಿರುಗುತ್ತೆ. ನಟ್ಟಿನ ನಡುವೆ ಒಂದು ಸ್ಪ್ರಿಂಗಿನ ಬೀಗ ಇದೆ. ಅದಕ್ಕೇ ಅಂತ ಮಾಡಿದ ದೊಡ್ಡ ಸಾಕೆಟ್ಟನ್ನು ಒಳಕ್ಕೆ ಒತ್ತಿದರೆ ಬೀಗ ಹಿಂದಕ್ಕೆ ಸರಿದು ನಟ್ಟು ತಿರುಗೋಕೆ ಬಿಡುತ್ತೆ. ಹಾಕುವಾಗ ಥ್ರೆಡ್ಡನ್ನು ಬಟ್ಟೆಯಿಂದ ಒರೆಸಿ, ಅದಕ್ಕೆ ಅಂತಲೇ ಇರುವ ಅಲ್ಯೂಮಿನಿಯಂ ಗ್ರೀಸು ಸವರಿ, ಮೊದಲು ಕೈಯಲ್ಲೇ ತಿರುಗಿಸಬೇಕು. ಆಮೇಲೆ ಅಳತೆ ತೋರಿಸುವ ಟಾರ್ಕ್ ರೆಂಚಿನಲ್ಲಿ 600ಕ್ಕೆ ಬಿಗಿ ಮಾಡಿ, ಸ್ವಲ್ಪ ಸಡಿಲ ಮಾಡಿ, ಮತ್ತೆ 600ಕ್ಕೆ ಬಿಗಿ ಮಾಡಬೇಕು. ಒಂದು ಸಲ ಬಿಗಿಯಾಗಿದ್ದನ್ನು ಮತ್ತೆ ಯಾಕೆ ಬಿಚ್ಚೋದು ಅಂತ ನನಗೂ ಅನ್ನಿಸಿತು. ಮೊದಲ ಸಲ ಚಕ್ರ ಸರಿಯಾಗಿ ಕೂತಿರಲ್ಲ, ಎರಡನೇ ಸಲ ಕೂರುತ್ತೆ, ಮಂಚದ ನವಾರು ಎರಡು ಸಾರಿ ಎಳೀತೀವಲ್ಲ ಹಾಗೆ ಅಂತ ಅಪ್ಪ ಹೇಳಿದರು. ಕೊನೆಗೆ ಸಾಕೆಟ್ ತೆಗೆದು ಬೀಗ ಹೊರಗೆ ಬಂದಿದೆಯಾ ಅಂತ ಕಣ್ಣಲ್ಲಿ ನೋಡಬೇಕು.

ಈ ಒಂಟಿ ನಟ್ಟು ಹೊಸದೇನಲ್ಲ. ಇಂಗ್ಲೆಂಡಿನ ಕೊವೆಂಟ್ರಿ ಊರಿನಲ್ಲಿ ರಡ್ಜ್ ವಿಟ್ವರ್ತ್ ಅಂತ ಸೈಕಲ್ ಮಾಡುವ ಕಂಪನಿ ಇತ್ತು. ಇಪ್ಪತ್ತನೇ ಶತಮಾನದ ಮೊದಲ ಹತ್ತು ವರ್ಷದೊಳಗೇ ಅವರು ಕಾರಿಗೆ ಕಡ್ಡಿಗಳ ಚಕ್ರ ಮಾಡಿ ಅದಕ್ಕೆ ನಡುವೆ ಒಂದೇ ನಟ್ಟು ಇಟ್ಟರು. ಆಗಿನ ನಟ್ಟಿಗೆ ಎರಡೋ ಮೂರೋ ಕಿವಿ ಇರುತ್ತಿತ್ತು. ಬಿಚ್ಚೋಕೆ ಸ್ಪ್ಯಾನರ್ ಬೇಡ, ಸುತ್ತಿಗೆ ತಗೊಂಡು ಕಿವಿಗೆ ಹೊಡೆಯೋದು. ಆದರೆ ಕಬ್ಬಿಣದ ಸುತ್ತಿಗೆ ಅಲ್ಲ. ಸೀಸ, ತಾಮ್ರ ಅಥವಾ ಚರ್ಮದ ತಲೆಯ ಸುತ್ತಿಗೆ. ಕಬ್ಬಿಣದಲ್ಲಿ ಹೊಡೆದರೆ ಕಿವಿ ಜಜ್ಜಿ ಹೋಗುತ್ತೆ. ಆ ಕಾಲದ ರೇಸುಗಳಲ್ಲಿ ಚಕ್ರ ಬದಲಿಸುವಾಗ ಸುತ್ತಿಗೆ ಏಟಿನ ಸದ್ದೇ ಸದ್ದು ಇದ್ದಿರಬೇಕು. ರಸ್ತೆಯಲ್ಲಿ ಓಡಾಡುವ ಕಾರುಗಳಿಗೂ ಇಂಥ ಕಿವಿ ಇತ್ತು. ಹೊರಗೆ ಚಾಚಿಕೊಂಡು ತಿರುಗುವ ಕಿವಿ ದಾರಿಹೋಕರಿಗೆ ಅಪಾಯ ಅಂತ ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಅದನ್ನು ನಿಲ್ಲಿಸಿದರು.

ಆ ಹಳೇ ನಟ್ಟಿನಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಕಾರಿನ ಎಡಗಡೆ ಚಕ್ರದ ನಟ್ಟನ್ನು ಬಲಕ್ಕೆ ತಿರುಗಿಸಿದರೆ ಬಿಗಿ. ಬಲಗಡೆ ಚಕ್ರದ್ದು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿ! ಸೈಕಲ್ಲಿನ ಎಡಗಡೆ ಪೆಡಲ್ಲು ಬಿಚ್ಚಿ ನೋಡಿ, ಅದರದ್ದೂ ಉಲ್ಟಾ ಥ್ರೆಡ್ಡೇ. ಯಾಕೆ ಹೀಗೆ ಅಂತ ತಿಳಿಯೋಕೆ ಒಂದು ಬಳೆ ಸಾಕು. ಬಳೆಗೆ ಒಂದು ಕಡೆ ಬಣ್ಣದ ಚುಕ್ಕೆ ಇಟ್ಟು, ಬೆರಳಿಗೆ ಹಾಕಿ, ಬೆರಳನ್ನು ಗಿರಗಿರ ಸುತ್ತಿಸಿ. ಬಳೆ ಬೆರಳ ಸುತ್ತ ಉರುಳುತ್ತಾ ತಾನೂ ತಿರುಗುತ್ತೆ, ಚುಕ್ಕೆ ಜಾಗ ಬದಲಿಸುತ್ತೆ. ಹಳೇ ನಟ್ಟು ಚಕ್ರದ ನಡುಭಾಗದ ಮೇಲೆ ಟೋಪಿಯ ಹಾಗೆ ಕೂರುತ್ತಿತ್ತು. ಎರಡರ ನಡುವೆ ಕೂದಲೆಳೆ ಸಂದು ಇದ್ದರೂ ಸಾಕು, ಚಕ್ರ ಉರುಳಿದಂತೆಲ್ಲ ನಟ್ಟು ಬಳೆಯ ಹಾಗೆ ಚೂರು ಚೂರೇ ತಿರುಗುತ್ತೆ. ತಿರುಗೋದನ್ನು ತಪ್ಪಿಸೋಕೆ ಆಗಲ್ಲ, ಸರಿ, ಬಿಗಿಯಾಗುವ ದಿಕ್ಕಿಗೇ ತಿರುಗಲಿ ಅಂತ ಥ್ರೆಡ್ಡನ್ನು ಹಾಗೆ ಕೊರೆದರು. ಎಡದ್ದನ್ನು ಬಲಕ್ಕೆ ಹಾಕಿದರೆ ಮಾತ್ರ ಕೆಲಸ ಕೆಟ್ಟಿತು. ಓಡುತ್ತಾ ಓಡುತ್ತಾ ತಾನೇ ಬಿಚ್ಚಿಕೊಳ್ಳುತ್ತೆ. ಅದಕ್ಕೇ ಕಿವಿಯ ಪಕ್ಕ ಬಿಚ್ಚುವ ದಿಕ್ಕಿಗೆ ಬಾಣದ ಗುರುತು ಕೆತ್ತಿರುತ್ತಿದ್ದರು.

ಈಗ ರೇಸಿಗೆ ಬರೋಣ. ಟಯರು ಸವೆದಾಗ ಕಾರು ಪಿಟ್ ಅನ್ನೋ ಜಾಗಕ್ಕೆ ಬಂದು ನಿಲ್ಲುತ್ತೆ. ಫಾರ್ಮುಲಾ ಒನ್‌ನಲ್ಲಿ 2009ರವರೆಗೆ ಅಲ್ಲೇ ಪೆಟ್ರೋಲನ್ನೂ ತುಂಬುತ್ತಿದ್ದರು. ಪೆಟ್ರೋಲು ತುಂಬೋಕೆ ಹೊತ್ತು ಹಿಡಿಯುತ್ತಿದ್ದರಿಂದ ಚಕ್ರದವರಿಗೆ ಅಷ್ಟೇನೂ ಅವಸರ ಇರಲಿಲ್ಲ. 2010ರಿಂದ ರೇಸಿನ ನಡುವೆ ಪೆಟ್ರೋಲು ತುಂಬುವಂತಿಲ್ಲ ಅಂತ ನಿಯಮ ಬಂತು. ಅಲ್ಲಿಂದ ಎಲ್ಲಾ ಭಾರ ಚಕ್ರದವರ ಮೇಲೆ ಬಿತ್ತು. ಗಂಟೆಗೆ 300 ಕಿಲೋಮೀಟರ್ ಓಡುವ ಕಾರು ಒಂದು ಸೆಕೆಂಡಿನಲ್ಲಿ 83 ಮೀಟರ್ ಹೋಗುತ್ತೆ (300ನ್ನು 3.6ರಿಂದ ಭಾಗಿಸಿ ನೋಡಿ). ಇವರು ಒಂದು ಸೆಕೆಂಡು ತಡ ಮಾಡಿದರೆ ಎದುರಾಳಿ ಅಷ್ಟು ದೂರ ಹೋಗಿಬಿಟ್ಟ ಅಂತ ಲೆಕ್ಕ.

ಕಾರಿನ ಸುತ್ತ ಸುಮಾರು 20 ಜನ ಇರ್ತಾರೆ. ಒಂದೊಂದು ಚಕ್ರಕ್ಕೆ ಮೂವರು: ಗನ್ನು ಹಿಡಿದವನು, ಹಳೇ ಚಕ್ರ ಎಳೆಯೋನು, ಹೊಸ ಚಕ್ರ ಇಡೋನು. ಹಿಂದೆ ಮುಂದೆ ಜಾಕಿಯವರು. ನಮ್ಮ ಜಾಕಿಯ ಹಾಗೆ ತಿರುಗಿಸುತ್ತಾ ಕೂರೋದಲ್ಲ, ಏತದ ಹಾಗೆ ಸನ್ನೆ ಒತ್ತಿದರೆ ಕಾರು ಮೇಲೆ. ಮುಂದಿನ ಜಾಕಿಯವನ ಗುಂಡಿಗೆ ಮೆಚ್ಚಬೇಕು, ಕಾರು ಅವನ ಮೇಲೇ ನುಗ್ಗಿ ಬರ್ತಿದ್ದರೂ ಅಲ್ಲಾಡದೆ ನಿಂತಿರ್ತಾನೆ. ಗನ್ನು ಅಂದರೆ ಗುಂಡಿನ ಬಂದೂಕಲ್ಲ. ಗಾಳಿಯ ಒತ್ತಡದಲ್ಲಿ ಓಡುವ ನಟ್ಟು ತಿರುಗಿಸುವ ಯಂತ್ರ. ಅದರೊಳಗೆ ಚಿಕ್ಕ ಸುತ್ತಿಗೆಗಳು ಇದ್ದು ಪಟಪಟ ಅಂತ ಹೊಡೆದು ಹೊಡೆದು ತಿರುಗಿಸುತ್ತವೆ. ಅಂದರೆ ಆ ಹಳೇ ಸೀಸದ ಸುತ್ತಿಗೆ ಈಗ ಗನ್ನಿನ ಹೊಟ್ಟೆಯೊಳಗೆ ಸೇರಿಕೊಂಡಿದೆ ಅನ್ನಬಹುದು. ನಮ್ಮ ಹೆದ್ದಾರಿಯ ದೊಡ್ಡ ಟಯರ್ ಅಂಗಡಿಯಲ್ಲಿ ಇದರ ತಮ್ಮನಂಥದ್ದು ಒಂದಿದೆ. ಅಪ್ಪನ ಹತ್ತಿರ ಇಲ್ಲ.

ಕಾರು ಪೂರ್ತಿ ನಿಲ್ಲೋದರೊಳಗೇ ಗನ್ನು ನಟ್ಟಿಗೆ ಕಚ್ಚಿಕೊಂಡಿರುತ್ತೆ. ನಟ್ಟು ಬಿಡುತ್ತಿದ್ದ ಹಾಗೆ ಹಳೇ ಚಕ್ರ ಹೊರಗೆ, ಹೊಸದು ಒಳಗೆ. ನಟ್ಟು ಕೆಳಗೆ ಬಿದ್ದು ಹುಡುಕುವ ಪ್ರಶ್ನೆಯೇ ಇಲ್ಲ, ಅದು ಚಕ್ರದಲ್ಲೇ ಸಿಕ್ಕಿಕೊಂಡಿರುತ್ತೆ. ಹೊಸ ಚಕ್ರ ಬರುವಾಗ ತನ್ನ ನಟ್ಟನ್ನು ತಾನೇ ತರುತ್ತೆ. ಥ್ರೆಡ್ಡೂ ಕೆಲವೇ ಸುತ್ತು. ಗನ್ನಿನವನು ಬಿಗಿ ಮಾಡಿ, ನನ್ನದು ಆಯಿತು ಅಂತ ಗುಂಡಿ ಒತ್ತುತ್ತಾನೆ. ನಾಲ್ಕೂ ಆದ ಮೇಲೆ ಕಾರು ಕೆಳಗೆ, ಹಸಿರು ದೀಪ. 2019ರ ಬ್ರೆಜಿಲ್ ರೇಸಿನಲ್ಲಿ ರೆಡ್ ಬುಲ್ ತಂಡ ಇಷ್ಟನ್ನೂ 1.82 ಸೆಕೆಂಡಿನಲ್ಲಿ ಮುಗಿಸಿತು. 2023ರ ಕತಾರ್ ರೇಸಿನಲ್ಲಿ ಮೆಕ್ಲಾರೆನ್ ತಂಡ ಲ್ಯಾಂಡೊ ನಾರಿಸ್ ಅವರ ಕಾರಿಗೆ 1.80 ಸೆಕೆಂಡಿನಲ್ಲಿ ನಾಲ್ಕೂ ಚಕ್ರ ಹಾಕಿತು. ಮೇಷ್ಟ್ರು ಹಾಜರಿ ಕೂಗುವಾಗ ಎರಡು ಹೆಸರು ಮುಗಿಯುವಷ್ಟು ಹೊತ್ತು. ನನ್ನ ಮಾವ ಮೊಬೈಲಿನಲ್ಲಿ ಇದನ್ನು ತೋರಿಸಿದಾಗ ನಾನು ಕಣ್ಣು ಉಜ್ಜಿಕೊಂಡು ಮತ್ತೆ ಹಾಕಿಸಿದೆ.

ಆ ವಿಡಿಯೋ ನೋಡಿದ್ದೇ ನನ್ನ ತಪ್ಪಿಗೆ ಕಾರಣ. ಇದನ್ನು ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ದೀಪಾವಳಿ ರಜೆಯಲ್ಲಿ ಅಂಗಡಿಗೆ ಟೊಮೇಟೊ ತುಂಬಿದ ಲಗೇಜ್ ಗಾಡಿ ಬಂತು. ಹಿಂದಿನ ಚಕ್ರ ಪಂಚರ್. ಅಪ್ಪ ಪಂಚರ್ ಹಾಕಿ, ಚಕ್ರ ಎತ್ತಿ ಇಟ್ಟು, "ನಟ್ಟು ಕೈಯಲ್ಲಿ ಹಾಕ್ತಾ ಇರಮ್ಮ, ಬಂದೆ" ಅಂತ ಇನ್ನೊಂದು ಗಾಡಿಗೆ ಗಾಳಿ ಬಿಡೋಕೆ ಹೋದರು. ಕೈಯಲ್ಲಿ ಅಂತ ಅವರು ಹೇಳಿದ್ದು ನನಗೆ ಸರಿಯಾಗೇ ಕೇಳಿಸಿತ್ತು. ಆದರೂ ನಾನು ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಾ ಬೇಗ ಬೇಗ ಹಾಕಿದೆ. ಮೂರನೇ ನಟ್ಟು ಬೆರಳಿಗೆ ಬಿಗಿ ಬಂತು. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಬೇಕಿತ್ತು. ನಾನು ಸ್ಪ್ಯಾನರ್ ತಗೊಂಡು ತಿರುಗಿಸಿಬಿಟ್ಟೆ. ಕಿರ್ ಅಂತು. ನಟ್ಟು ಸೊಟ್ಟಗೆ ಥ್ರೆಡ್ಡು ಹತ್ತಿ ಬೋಲ್ಟಿನ ಥ್ರೆಡ್ಡನ್ನೇ ತಿಂದು ಹಾಕಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅಪ್ಪ ಉಳಿಯಲ್ಲಿ ಒಡೆದು ತೆಗೆದರು. ಪೇಟೆಯಿಂದ ಹೊಸ ಬೋಲ್ಟು ತರಿಸಿ ಹಾಕೋ ಹೊತ್ತಿಗೆ ಎರಡು ಗಂಟೆ. ಡ್ರೈವರಣ್ಣನಿಗೆ ಮಾರ್ಕೆಟ್ಟಿನ ಹರಾಜು ತಪ್ಪಿತು. ಅಪ್ಪ ನನ್ನನ್ನು ಬೈಯಲಿಲ್ಲ, ಅವನ ಹತ್ತಿರ ದುಡ್ಡೂ ಇಸಕೊಳ್ಳಲಿಲ್ಲ. ಆದರೆ ಆವತ್ತಿನಿಂದ ಸ್ಪ್ಯಾನರ್ ನನ್ನ ಕೈಗೆ ಸಿಗದ ಹಾಗೆ ಮೇಲಿನ ಮೊಳೆಗೆ ನೇತು ಹಾಕಿದರು. ಅದನ್ನು ನೋಡಿದಾಗೆಲ್ಲ ಅಳು ಬರುತ್ತಿತ್ತು.

ಆಮೇಲೆ ನಾನು ಮಾವನ ಮೊಬೈಲಿನಲ್ಲಿ ಬೇರೆ ವಿಷಯ ಹುಡುಕಿದೆ. ಬೇಗ ಹಾಕಿದ್ದಲ್ಲ, ತಪ್ಪಾಗಿ ಹಾಕಿದ್ದು. ಎಷ್ಟೊಂದು ಸಿಕ್ಕಿತು! 2018ರಲ್ಲಿ ಆಸ್ಟ್ರೇಲಿಯಾದ ರೇಸಿನಲ್ಲಿ ಹಾಸ್ ಅನ್ನೋ ಸಣ್ಣ ತಂಡದ ಎರಡು ಕಾರುಗಳು 4 ಮತ್ತು 5ನೇ ಸ್ಥಾನದಲ್ಲಿ ಓಡುತ್ತಿದ್ದವು. ಅಷ್ಟು ಮುಂದೆ ಇರೋದು ಅವರಿಗೆ ದೊಡ್ಡ ಹಬ್ಬ. ಮೊದಲ ಕಾರು ಪಿಟ್ಟಿಗೆ ಬಂತು, ನಟ್ಟು ಸೊಟ್ಟಗೆ ಥ್ರೆಡ್ಡು ಹತ್ತಿತು, ಚಕ್ರ ಸಡಿಲವಾಗಿಯೇ ಹೋಯಿತು, ಕಾರು ದಾರಿಯಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಎರಡನೆಯದು ಬಂತು. ಅದಕ್ಕೂ ಅದೇ ಗತಿ. ಎರಡೂ ಕಾರು ಹೋಯಿತು, ಮೇಲೆ ದಂಡವನ್ನೂ ಕಟ್ಟಿದರು. ನನ್ನ ಮೂರನೇ ನಟ್ಟಿಗೆ ಆಗಿದ್ದೇ ಅವರಿಗೂ ಆಗಿತ್ತು. ಗನ್ನಿಗೆ ಬೆರಳಿನ ಹಾಗೆ ಬಿಗಿ ಗೊತ್ತಾಗಲ್ಲ, ಅದು ಸೊಟ್ಟಗಿದ್ದರೂ ಬಿಗಿ ಮಾಡಿಬಿಡುತ್ತೆ.

1991ರಲ್ಲಿ ಪೋರ್ಚುಗಲ್ಲಿನ ರೇಸಿನಲ್ಲಿ ವಿಲಿಯಮ್ಸ್ ತಂಡದ ನೈಜೆಲ್ ಮ್ಯಾನ್ಸೆಲ್ ಎಲ್ಲರಿಗಿಂತ ಮುಂದಿದ್ದರು. ಬಲಗಡೆ ಹಿಂದಿನ ಚಕ್ರದ ನಟ್ಟು ಸರಿಯಾಗಿ ಕೂರುವ ಮುಂಚೆಯೇ ಹೋಗು ಅಂತ ಕಳಿಸಿದರು. ಪಿಟ್ಟಿನ ದಾರಿಯಲ್ಲೇ ಚಕ್ರ ಕಳಚಿ ಉರುಳಿತು. ಅವರ ಕಡೆಯವರು ಓಡಿ ಬಂದು ಅಲ್ಲೇ ಚಕ್ರ ಹಾಕಿ ಕಳಿಸಿದರು. ಆದರೆ ಆ ಜಾಗದಲ್ಲಿ ಕೆಲಸ ಮಾಡುವಂತಿರಲಿಲ್ಲ, ಹಾಗಾಗಿ ರೇಸಿನಿಂದಲೇ ತೆಗೆದುಹಾಕಿದರು. ಆ ವರ್ಷದ ಚಾಂಪಿಯನ್ ಪಟ್ಟ ಐರ್ಟನ್ ಸೆನ್ನಾ ಅವರಿಗೆ ಹೋಯಿತು. ನಾಸ್ಕಾರಿನಲ್ಲೂ ಒಂಟಿ ನಟ್ಟು ಬಂದ ಮೊದಲ ವರ್ಷ ಹಲವು ಕಾರುಗಳ ಚಕ್ರ ಕಳಚಿದವು. ಅಂಥ ತಂಡದ ಮುಖ್ಯಸ್ಥನನ್ನೂ ಚಕ್ರ ಹಾಕಿದ ಇಬ್ಬರನ್ನೂ ನಾಲ್ಕು ರೇಸು ಹೊರಗೆ ಕೂರಿಸುತ್ತಿದ್ದರು. ಸ್ಪ್ಯಾನರನ್ನು ಮೊಳೆಗೆ ನೇತು ಹಾಕಿದ ಹಾಗೆ!

ನಗುವ ವಿಷಯ ಅಲ್ಲದ್ದೂ ಇದೆ. 2013ರಲ್ಲಿ ಜರ್ಮನಿಯ ರೇಸಿನಲ್ಲಿ ಪಿಟ್ಟಿನಲ್ಲಿ ಕಳಚಿದ ಚಕ್ರ ಒಬ್ಬ ಕ್ಯಾಮರಾದವರಿಗೆ ಹಿಂದಿನಿಂದ ಬಡಿದು ಅವರ ಮೂಳೆ ಮುರಿಯಿತು. 2018ರ ಬಹ್ರೇನ್ ರೇಸಿನಲ್ಲಿ ಫೆರಾರಿ ಕಾರಿನ ಎಡಗಡೆ ಹಿಂದಿನ ಚಕ್ರ ಇನ್ನೂ ಬಿಚ್ಚಿರಲೇ ಇಲ್ಲ, ಅಷ್ಟರಲ್ಲಿ ಹಸಿರು ದೀಪ ಬಂತು. ಕಾರು ಹೊರಟಿತು. ಹೊಸ ಚಕ್ರ ಹಿಡಿದು ಕಾಯುತ್ತಿದ್ದವರ ಕಾಲು ಮುರಿದುಹೋಯಿತು. ಆ ದೃಶ್ಯವನ್ನು ನಾನು ಪೂರ್ತಿ ನೋಡಲಿಲ್ಲ. ಇಂಥವು ಆದ ಮೇಲೆ ನಿಯಮಗಳನ್ನೂ ಬಿಗಿ ಮಾಡಿದರು. ನಟ್ಟು ಸಡಿಲವಾದರೂ ಚಕ್ರ ಪೂರ್ತಿ ಕಳಚದ ಹಾಗೆ ಹಿಡಿಯುವ ಇನ್ನೊಂದು ಬೀಗ ಈಗ ಇದೆ. 2021ರಲ್ಲಿ, ಚಕ್ರ ಆಯಿತು ಅಂತ ಗನ್ನಿನವನು ತಿಳಿಸಿದ ಮೇಲೆ ಜಾಕಿ ಇಳಿಸೋಕೂ, ಜಾಕಿ ಇಳಿದ ಮೇಲೆ ಹಸಿರು ದೀಪ ಬರೋಕೂ ಒಂದಿಷ್ಟು ಹೊತ್ತು ಬಿಡಲೇಬೇಕು ಅಂತ ಮಾಡಿದರು. ಸೆಕೆಂಡಿನ ಐದನೇ ಒಂದು ಭಾಗದಷ್ಟು, ಅದಕ್ಕಿಂತ ಕಡಿಮೆಯದು. ಮನುಷ್ಯ ಕಣ್ಣಿಂದ ನೋಡಿ ಆಮೇಲೆ ಕೈ ಆಡಿಸೋಕೆ ಅಷ್ಟಾದರೂ ಬೇಕಂತೆ.

ಕೊನೆಯದು 2021ರ ಮೊನಾಕೊ ರೇಸಿನ ಕಥೆ. ಇದನ್ನು ನಾನು ಅಪ್ಪನಿಗೂ ತೋರಿಸಿದೆ. ಮರ್ಸಿಡಿಸ್ ತಂಡದ ವಾಲ್ಟೆರಿ ಬೊಟ್ಟಾಸ್ ಎರಡನೇ ಸ್ಥಾನದಲ್ಲಿ ಇದ್ದು ಚಕ್ರ ಬದಲಿಸೋಕೆ ಬಂದರು. ಮೂರು ಚಕ್ರ ಬಂತು. ಬಲಗಡೆ ಮುಂದಿನದಕ್ಕೆ ಗನ್ನು ಚೂರೇ ಚೂರು ಓರೆಯಾಗಿ ಕಚ್ಚಿತು. ಗನ್ನಿನ ಶಕ್ತಿ ಅಷ್ಟಿಷ್ಟಲ್ಲ, ನಟ್ಟು ತಿರುಗುವ ಬದಲು ಅದರ ಹಲ್ಲುಗಳೆಲ್ಲ ಸವೆದು ನುಣ್ಣಗಾಯಿತು. ಇನ್ನು ಗನ್ನಿಗೆ ಹಿಡಿತವೇ ಇಲ್ಲ. ಬೊಟ್ಟಾಸ್ ಇಳಿದು ಹೋದರು, ರೇಸು ಮುಗಿಯಿತು, ಚಕ್ರ ಮಾತ್ರ ಬರಲಿಲ್ಲ. ಕಾರನ್ನು ಹಾಗೇ ಇಂಗ್ಲೆಂಡಿನ ಬ್ರಾಕ್ಲಿಯ ಕಾರ್ಖಾನೆಗೆ ಸಾಗಿಸಿ ಅಲ್ಲಿ ಆ ಚಕ್ರ ತೆಗೆದರು. ಕಾರು ಪಿಟ್ಟಿನಲ್ಲಿ ನಿಂತು ಅಷ್ಟು ಹೊತ್ತಿಗೆ 43 ಗಂಟೆ ಆಗಿತ್ತು.

ಅಪ್ಪ ಬೀಡಿ ಪಕ್ಕಕ್ಕಿಟ್ಟು ಎರಡು ಸಲ ನೋಡಿದರು. ಆ ಗನ್ನಿನವನ ಮುಖವನ್ನೇ ನೋಡುತ್ತಿದ್ದರು ಅಂತ ಕಾಣುತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಅಷ್ಟು ದೊಡ್ಡೋರಿಗೆ ನಲವತ್ತಮೂರು ಗಂಟೆ, ನಾವು ಎರಡೇ ಗಂಟೇಲಿ ಬಿಚ್ಚಿದ್ವಲ್ಲ ಕಣಮ್ಮ" ಅಂತ ಜೋರಾಗಿ ನಕ್ಕರು. ಎದ್ದು ಹೋಗಿ ಮೊಳೆಯಿಂದ ಸ್ಪ್ಯಾನರ್ ತೆಗೆದು ನನ್ನ ಪಕ್ಕದ ಪೆಟ್ಟಿಗೆಯ ಮೇಲೆ ಇಟ್ಟರು. ಆಗಲೇ ಒಂದು ಟ್ರಾಕ್ಟರ್ ಬಂದು ನಿಂತಿತ್ತು.